ಎತ್ಕೊಳ್ಳಿ ಮಾವ

“ಎತ್ಕೊಳ್ಳಿ ಮಾವ,” ಎಂದ ಅಳಿಯ. ದನಿಯಲ್ಲಿ ಭಿಕ್ಷೆ ಹಾಕುವವನ ಗತ್ತಿತ್ತು.

ಮಾವ ಬಗ್ಗಿ, ಕುಳಿಯ ಪಕ್ಕದಲ್ಲಿ ನಿಂತಿದ್ದ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಗಾಲ್ಫಿನಲ್ಲಿ ಇಬ್ಬರೇ ಎದುರುಬದುರಾಗಿ ಆಡುವಾಗ ಇದೊಂದು ರೂಢಿ. ಎದುರಾಳಿಯ ಚೆಂಡು ಕುಳಿಗೆ ತೀರ ಹತ್ತಿರ ಬಂದು ನಿಂತರೆ ‘ಎತ್ಕೊಳ್ಳಿ’ ಎನ್ನಬಹುದು. ಹೊಡೆಯದಿದ್ದರೂ ಒಳಗೆ ಬಿದ್ದಂತೆಯೇ ಲೆಕ್ಕ. ಮರ್ಯಾದಸ್ಥರ ರೂಢಿ. ಇವರಿಬ್ಬರ ನಡುವೆ ಮರ್ಯಾದೆ ಸತ್ತು ಬಹಳ ದಿನವಾಗಿತ್ತು.

ಮಾವ ಈ ಕ್ಲಬ್ಬಿನ ಹಳೆಯ ತರಬೇತುದಾರ. ಅಳಿಯ ಅವರ ಕೈಯಲ್ಲೇ ಕಲಿತು, ಅವರ ಮಗಳನ್ನೇ ಮದುವೆಯಾಗಿ, ಈಗ ಅವರ ಕೆಲಸದ ಮೇಲೇ ಕಣ್ಣು ಹಾಕಿದವನು. ‘ಮುದುಕರು ವರ್ಷದಿಂದ ಯಾರ ಜೊತೆಗೂ ಆಡಿಲ್ಲ, ಬರೀ ಬಾಯಲ್ಲಿ ಪಾಠ’ ಎಂದು ಕಾರ್ಯದರ್ಶಿಯ ಬಳಿ ಚಾಡಿ ಹೇಳಿದವನೂ ಅವನೇ. ಕಾರ್ಯದರ್ಶಿಗೆ ಮಾವ-ಅಳಿಯರ ಜಗಳ ಸಾಕಾಗಿಹೋಗಿತ್ತು. “ನೀವಿಬ್ಬರೇ ಆಡಿ. ಗೆದ್ದವರು ಇರಲಿ, ಸೋತವರು ಹೋಗಲಿ,” ಎಂದುಬಿಟ್ಟರು.

ಸೋತರೆ ಮಾವನಿಗೆ ಕೆಲಸದ ಜೊತೆಗೆ ಕ್ಲಬ್ಬಿನ ಹಿಂದಿನ ಎರಡು ಕೋಣೆಯ ಮನೆಯೂ ಹೋಗುತ್ತಿತ್ತು.

“ಆಮೇಲೆ ಅಪ್ಪ ಎಲ್ಲಿಗೆ ಹೋಗ್ಬೇಕು?” ಎಂದು ಹೆಂಡತಿ ಕೇಳಿದ್ದಳು.

“ಎಲ್ಲಾದ್ರೂ ಹಾಳಾಗಿ ಹೋಗ್ಲಿ. ನನ್ನ ಮನೆಗಂತೂ ಬೇಡ.”

ಮರುದಿನ ಅವಳು ಊಟಕ್ಕೆ ಬಡಿಸುತ್ತ, ಕೇಳದೆಯೇ ಉಪಾಯ ಹೇಳಿಕೊಟ್ಟಳು.

“ಹತ್ತಿರದ್ದನ್ನೆಲ್ಲ ಬಿಟ್ಟುಕೊಡ್ತಾ ಹೋಗಿ ರೀ. ಅಪ್ಪನ ಕೈ ಪಳಗಲೇಬಾರದು. ಕೊನೇ ಕುಳಿ ಬಂದಾಗ ಮಾತ್ರ ಸುಮ್ಮನೆ ನಿಂತ್ಬಿಡಿ. ಇಡೀ ದಿನ ಹೊಡೀದೇ ಇದ್ದೋರು ಆಗ ಹೊಡೀಬೇಕು. ಕೈ ನಡುಗದೆ ಇರುತ್ತಾ?”

ಅಳಿಯ ಹಿರಿಹಿರಿ ಹಿಗ್ಗಿದ. ದಿನಾ ಬೆಳಿಗ್ಗೆ ಅಪ್ಪನ ಅಭ್ಯಾಸಕ್ಕೆ ಚೆಂಡು ಹೆಕ್ಕಿಕೊಡುವವಳು ಅವಳು. ಅವರ ದೌರ್ಬಲ್ಯ ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಹೆತ್ತ ಮಗಳೇ ಕೈಬಿಟ್ಟ ಮೇಲೆ ಮುದುಕನ ಕಥೆ ಮುಗಿದಂತೆಯೇ.

ಹಾಗಾಗಿ ಬೆಳಗಿನಿಂದ ಒಂದೇ ರಾಗ. ಮೊಳದಷ್ಟು ದೂರವಿದ್ದರೂ ಎತ್ಕೊಳ್ಳಿ, ಗೇಣಿನಷ್ಟಿದ್ದರೂ ಎತ್ಕೊಳ್ಳಿ. ಜೊತೆಗೆ ಒಂದೊಂದು ಚುಚ್ಚುಮಾತು ಪುಕ್ಕಟೆ.

“ಸಾಮಾನೆಲ್ಲ ಕಟ್ಟಿಟ್ಟಿದ್ದೀರಾ ಮಾವ? ಗಾಡಿಗೆ ಹೇಳ್ಲಾ?”

“ಹೇಳಿ ಅಳಿಯಂದಿರೇ. ಯಾರಿಗಾದರೂ ಬೇಕಾಗುತ್ತೆ,” ಎಂದು ಮಾವ ಅಷ್ಟೇ ತಣ್ಣಗೆ ಉತ್ತರಿಸಿದರು. ಅವನ ಚೆಂಡು ಹತ್ತಿರ ನಿಂತಾಗ ಅವರೂ ಬಹುವಚನ ಬಿಡದೆ, “ತಾವೂ ಎತ್ಕೊಳ್ಳಿ,” ಎನ್ನುತ್ತಿದ್ದರು. ಆ ಬಹುವಚನ ಕೇಳಿದಾಗೆಲ್ಲ ಅಳಿಯನಿಗೆ ಮೈ ಉರಿಯುತ್ತಿತ್ತು.

ಮೈ ಉರಿಯಲು ಇನ್ನೊಂದು ಕಾರಣವೂ ಇತ್ತು. ಮುದುಕ ದೂರದಿಂದ ಉರುಳಿಸಿದ ಚೆಂಡೆಲ್ಲ ಸಾಕಿದ ನಾಯಿಯ ಹಾಗೆ ಕುಳಿಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಮಾವನ ಕೈಕೆಳಗೆ ಕಲಿಯುತ್ತಿದ್ದಾಗ ಕೇಳಿದ ಪಾಠ ಅಳಿಯನಿಗೆ ನೆನಪಾಯಿತು: “ದೂರದ್ದು ತಪ್ಪಿದರೆ ಯಾರೂ ನಗಲ್ಲ, ಅದಕ್ಕೇ ಕೈ ಹಗುರ. ಹತ್ತಿರದ್ದು ತಪ್ಪಿದರೆ ಮಾನ ಹೋಗುತ್ತೆ. ಆ ಮಾನವೇ ತಲೆಯಿಂದ ಕೈಗಿಳಿದು ನಡುಗಿಸೋದು.” ಈಚೆಗಂತೂ ಮಾವ ದೂರದ್ದನ್ನು ತಾವು ಹೊಡೆದು ತೋರಿಸಿ, ಹತ್ತಿರದ್ದನ್ನು ಶಿಷ್ಯರಿಗೆ ಬಿಟ್ಟು ದೂರ ಸರಿಯುತ್ತಿದ್ದರು. ಏನು ಜಂಬ, ಎಂದುಕೊಂಡಿದ್ದ ಅಳಿಯ.

ಕೊನೆಯ ಕುಳಿಗೆ ಬಂದಾಗ ಇಬ್ಬರೂ ಸರಿಸಮ. ಕ್ಲಬ್ಬಿನವರೆಲ್ಲ ಸುತ್ತ ನೆರೆದಿದ್ದರು. ಹೆಂಡತಿ ಮುಂದೆಯೇ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ತನ್ನ ಮೇಲೆ ಇವಳಿಗೆಷ್ಟು ಕಾಳಜಿ, ಎಂದುಕೊಂಡ ಅಳಿಯ.

ಅವನ ಚೆಂಡು ಕುಳಿಗೆ ಎರಡು ಗೇಣು ದೂರದಲ್ಲಿತ್ತು. ಮಾವನದು ಹುಲ್ಲುಹಾಸಿನ ಆಚೆ ತುದಿಯಲ್ಲಿ. ಅಲ್ಲಿಂದ ಹತ್ತಿರ ತಂದು ನಿಲ್ಲಿಸುತ್ತಾರೆ, ತಾನು ಬಾಯಿ ಹೊಲಿದುಕೊಳ್ಳುತ್ತೇನೆ, ಮುದುಕ ಬೆವರುತ್ತಾನೆ. ಅಳಿಯ ತುಟಿ ಬಿಗಿದು ಕಾದ.

ಮಾವ ಹೊಡೆದರು. ಚೆಂಡು ಇಳಿಜಾರು ಹಿಡಿದು, ಬಾಗಿ, ನಿಧಾನಿಸಿ, ನಿಲ್ಲದೆ ಕುಳಿಯೊಳಗೇ ಬಿತ್ತು.

ಜನ ಕೂಗಿದರು. ಅಳಿಯ ಕೂಗಲಿಲ್ಲ. ಇನ್ನೂ ಏನೂ ಕೆಟ್ಟಿರಲಿಲ್ಲ, ಈ ಎರಡು ಗೇಣು ಹಾಕಿದರೆ ಮತ್ತೆ ಸರಿಸಮ. ಮಾವನ ಕಡೆ ನೋಡಿದ. ಅವರು ಆಕಾಶ ನೋಡುತ್ತಿದ್ದರು.

“ಎತ್ಕೊಳ್ಳಲಾ?” ಎಂದು ಕೇಳಿಯೇಬಿಟ್ಟ.

“ಹೊಡೀರಿ ಅಳಿಯಂದಿರೇ. ಎರಡು ಗೇಣು, ಅಷ್ಟೇ.”

ಆಗ ಅವನಿಗೆ ಹೊಳೆಯಿತು. ಬೆಳಗಿನಿಂದ ಇಂಥದ್ದೊಂದನ್ನೂ ಅವನು ಹೊಡೆದಿರಲಿಲ್ಲ. ಚೆಂಡು ಉರುಳಿಸುವ ಪಟ್ಟರ್ ಕೋಲು ಹಿಡಿದ ಅಂಗೈ ಒದ್ದೆಯಾಯಿತು. ಹೊಡೆದ. ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು.

ಕಾರ್ಯದರ್ಶಿ ಕ್ಯಾಮೆರಾ ಹಿಡಿದು ಓಡಿಬಂದರು. “ಆ ಗೆಲುವಿನ ಹೊಡೆತ ಸಿಗಲೇ ಇಲ್ಲ. ಫೋಟೊಗೆ ಇನ್ನೊಂದ್ಸಲ ಹಾಕಿ ಯಜಮಾನ್ರೇ. ಇಲ್ಲಿಂದಲೇ ಸಾಕು.” ಕುಳಿಗೆ ಗೇಣು ದೂರದಲ್ಲಿ ಚೆಂಡಿಟ್ಟರು.

ಮಾವ ಮಗಳ ಮುಖ ನೋಡಿದರು. ಬೇಡವೆಂದರು, ಯಾರೂ ಬಿಡಲಿಲ್ಲ. ಪಟ್ಟರ್ ಹಿಂದಕ್ಕೆಳೆದರು. ಮಣಿಕಟ್ಟು ಸಿಡಿದಂತೆ ಅದುರಿತು, ಚೆಂಡು ಕುಳಿಯನ್ನು ಮುಟ್ಟದೆ ಅಡ್ಡಹಾಯ್ದು ಓಡಿತು. ಮುದುಕರು ತಮಾಷೆ ಮಾಡಿದರೆಂದು ಜನರೆಲ್ಲ ಬಿದ್ದುಬಿದ್ದು ನಕ್ಕರು. ನಗದೆ ನಿಂತವನು ಅಳಿಯನೊಬ್ಬನೇ.

ಹೆಂಡತಿ ಗಂಡನ ಕಾಲ ಬಳಿ ಬಂದು ನಿಂತ ಆ ಚೆಂಡನ್ನು ದಿನದ ಅಭ್ಯಾಸದಂತೆ ಹೆಕ್ಕಿಕೊಂಡು, ಅವನಿಗಷ್ಟೇ ಕೇಳುವಂತೆ ಹೇಳಿದಳು: “ಒಂದು ವರ್ಷದಿಂದ ಅಪ್ಪನಿಗೆ ಹತ್ತಿರದ್ದು ಒಂದೂ ಬಿದ್ದಿಲ್ಲ ರೀ. ಇವತ್ತು ಅಷ್ಟನ್ನೂ ನೀವೇ ಹಾಕಿಕೊಟ್ರಿ.”