ಸುಕ್ಕು ಮೇಡಂ

“ಮೇಡಂ, ಈಗ ನಿಮ್ಮನ್ನ ಆ ಕಡೆಗೆ ಹೊರಳಿಸ್ತೀನಿ, ಹೆದರ್ಬೇಡಿ,” ಎನ್ನುತ್ತಾ ಆ ನರ್ಸಿಂಗ್ ವಿದ್ಯಾರ್ಥಿನಿ ಮಂಚದ ಮೇಲಿದ್ದ ಟೀಚರ್ ಅವರನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದಳು. ರೋಗಿಯನ್ನು ಎಬ್ಬಿಸದೆ ಹಾಸಿಗೆಯ ಚಾದರ ಬದಲಿಸುವ ನರ್ಸಿಂಗ್ ಪರೀಕ್ಷೆ ಅದು. ಎರಡು ಸಲ ನಪಾಸಾಗಿದ್ದಳು. ಇದೂ ಹೋದರೆ ವಾರ್ಡಿಗೆ ಕಾಲಿಡುವಂತಿಲ್ಲ. ಟೀಚರ್‌ಗೆ ಅಭ್ಯಾಸಕ್ಕೆಂದು ಇಟ್ಟ ಬೊಂಬೆಯ ಮೇಲೆ ನಂಬಿಕೆಯಿಲ್ಲ. “ಬೊಂಬೆ ದೂರು ಹೇಳಲ್ಲ, ನನ್ನ ಬೆನ್ನು ಹೇಳುತ್ತೆ,” ಎಂದು ತಾವೇ ರೋಗಿಯಾಗಿ ಮಲಗುತ್ತಿದ್ದರು. ಕೂದಲೆಳೆಯಷ್ಟು ಮಡಿಕೆ ಒತ್ತಿದರೂ “ಸುಕ್ಕು! ಮೊದಲಿಂದ ಮಾಡು!” ಎಂದು ಗದರುತ್ತಿದ್ದರಿಂದ ಹುಡುಗಿಯರ ಬಾಯಲ್ಲಿ ಅವರು ಸುಕ್ಕು ಮೇಡಂ.

ಹಳೆಯ ಚಾದರವನ್ನು ಅವರ ಬೆನ್ನಿನ ತನಕ ಸುರುಳಿ ಸುತ್ತಿ, ಹೊಸದನ್ನು ಅರ್ಧ ಹಾಸಿದಳು. ಮಂಚ ಸುತ್ತಿ ಬಂದು, ಅವರನ್ನು ಹಾಸಿದ ಅರ್ಧದ ಮೇಲೆ ಹೊರಳಿಸಿ, ಹಳೆಯದನ್ನು ಎಳೆದು ತೆಗೆದು, ಉಳಿದರ್ಧವನ್ನು ಬಿಗಿಯಾಗಿ ಎಳೆದು ಮೂಲೆ ಸಿಕ್ಕಿಸಿದಳು. ಅಂಗೈಯಿಂದ ಮೂರು ಸಲ ಸವರಿದಳು.

“ಆಯ್ತು ಮೇಡಂ.” ಅವಳು ಬಗ್ಗಿ ಕೇಳಿದಳು, “ಎಲ್ಲಿ ಸುಕ್ಕಿದೆ, ಹೇಳಿ ಮೇಡಂ.”

ಬಂದದ್ದು ಗೊರಕೆ. ಮೇಡಂ ಪರೀಕ್ಷೆ ತೆಗೆದುಕೊಂಡ ಹದಿನೆಂಟು ವರ್ಷದಲ್ಲಿ ಆ ಕೋಣೆ ಕೇಳಿರದಂಥ, ಉದ್ದನೆಯ, ನೆಮ್ಮದಿಯ ಗೊರಕೆ.

ಹೊರಗೆ ಕಾದಿದ್ದ ಗೆಳತಿಯರು, “ಏನಾಯ್ತೇ? ಪಾಸಾ?” ಎಂದು ಒಳಗೆ ನುಗ್ಗಿದರು. ಅವಳು ತುಟಿಗೆ ಬೆರಳಿಟ್ಟು, ಮಂಚದ ಸುತ್ತ ಪರದೆ ಎಳೆದಳು. ನಗು ತಡೆದುಕೊಂಡು ಪಿಸುಗುಟ್ಟಿದಳು:

“ಮೆತ್ತಗೆ ಮಾತಾಡ್ರೇ! ನನ್ನ ಪೇಶೆಂಟ್ ಮಲಗಿದ್ದಾರೆ.”