ಹದಿನೇಳು ಗಂಟೆಯ ದಾರಿ

"ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ದೂರವಮ್ಮ?"

ಪಕ್ಕದ ಸೀಟಿನವಳು ಎದುರಿನ ಪರದೆ ನೋಡಿದಳು. "ಹದಿನಾಲ್ಕು ಸಾವಿರ ಕಿಲೋಮೀಟರು. ಹದಿನೇಳು ಗಂಟೆ."

ಅಡುಗೆಭಟ್ಟರು ಬೆರಳು ಮಡಿಸಿದರು. ಅಮೆರಿಕಕ್ಕೆ ಬಂದಿಳಿದ ದಿನ ಮದುವೆ ಮನೆಯವರು ಅಲ್ಲಿನ ಹೊತ್ತಿಗೆ ಮುಳ್ಳು ತಿರುಗಿಸಿಕೊಟ್ಟಿದ್ದ ಕೈಗಡಿಯಾರದಲ್ಲಿ ಈಗ ಮಂಗಳವಾರ ಸಂಜೆ ಆರು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಳಿದರೆ ಹನ್ನೆರಡೂವರೆಗೆ ಮನೆ.

ತಿಂಗಳಲ್ಲಿ ಮೂರು ಮದುವೆಗೆ ಅಡುಗೆ ಮಾಡಿ ಸೊಂಟ ಬಿದ್ದುಹೋಗಿತ್ತು. ಆದರೂ ಊಟದ ತಟ್ಟೆ ಬಂದಾಗ ಬೇಡವೆಂದರು.

"ಏನಾದರೂ ತಿನ್ನಿ ಭಟ್ರೇ."

"ಬುಧವಾರ ಅಮ್ಮನ ಶ್ರಾದ್ಧ. ಅದು ಮುಗಿಯುವ ತನಕ ಊಟವಿಲ್ಲ. ಮೂವತ್ತು ವರ್ಷದಿಂದ ಕಂಡವರ ಮನೆ ತಿಥಿಗೆಲ್ಲ ವಡೆ ಕರಿದಿದ್ದೇನೆ. ಅಮ್ಮನದನ್ನು ಒಂದು ಸಲವೂ ತಪ್ಪಿಸಿಲ್ಲ."

ನೀರು ಕುಡಿದು ಕಣ್ಣು ಮುಚ್ಚಿದರು. ಎಚ್ಚರವಾದಾಗಲೆಲ್ಲ ಗಡಿಯಾರ ನೋಡಿದರು.

ಚಕ್ರ ನೆಲಕ್ಕೆ ಬಡಿದಾಗ ಗಡಿಯಾರದಲ್ಲಿ ಸರಿಯಾಗಿ ಹನ್ನೊಂದು. ಕಣ್ಣುಜ್ಜಿಕೊಳ್ಳುತ್ತಲೇ ತಮ್ಮನಿಗೆ ಫೋನು ಹಚ್ಚಿದರು.

"ಇಳಿದೆ ಕಣೋ. ಪುರೋಹಿತರಿಗೆ ಕೂತಿರಲು ಹೇಳು. ನಾನು ಬಂದು ಸ್ನಾನ ಮಾಡಿ ಒಲೆ ಹಚ್ಚುವುದೊಂದೇ ಬಾಕಿ."



"ಅವರು ಮೂರು ಗಂಟೆ ತನಕ ಕಾದರು ಅಣ್ಣ. ಆಮೇಲೆ ನನ್ನ ಕೈಲೇ ಪಿಂಡ ಇಡಿಸಿದರು."

"ಯಾವ ಮೂರು ಗಂಟೆಯೋ? ಈಗಿನ್ನೂ ಹನ್ನೊಂದು!"

"ಹೌದಣ್ಣ, ಹನ್ನೊಂದೂವರೆ. ಮಕ್ಕಳೆಲ್ಲ ಮಲಗಿದ್ದಾರೆ, ನಿಧಾನಕ್ಕೆ ಬಾ."