ಹದಿನಾರು ಪುಟ

“ಅಂಗಿಗೆ ಎಡತೋಳೇ ಎರಡು ಹಚ್ಚಿ ಬಲತೋಳು ಮರೆತುಬಿಟ್ಟಿದ್ದೀರಿ ಸ್ವಾಮಿ,” ಎನ್ನುತ್ತ ಹೊಲಿಗೆಯಮ್ಮ ತಾನು ತಂದ ಹಳೆಯ ಕಾದಂಬರಿಯನ್ನು ಪ್ರಕಾಶನದ ಮ್ಯಾನೇಜರ ಮೇಜಿನ ಮೇಲಿಟ್ಟಳು.

ಮ್ಯಾನೇಜರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಹಾಳೆ ತಿರುವಿದರು. ನೂರ ತೊಂಬತ್ತೆರಡನೆಯ ಪುಟದವರೆಗೆ ಎಲ್ಲ ನೆಟ್ಟಗಿತ್ತು. ಅದರ ಬೆನ್ನಿಗೆ ಮತ್ತೆ ನೂರ ಎಪ್ಪತ್ತೇಳು! ಅಲ್ಲಿಂದ ಅದೇ ಹದಿನಾರು ಪುಟ ಇನ್ನೊಮ್ಮೆ ಬಂದು, ಆಮೇಲೆ ಬರೀ ರಟ್ಟು.

“ಬೈಂಡಿಂಗ್‌ನವರ ಎಡವಟ್ಟು. ಹದಿನಾರು ಪುಟಕ್ಕೆ ಒಂದು ಫಾರಂ ಅಂತೀವಿ. ಕೊನೇ ಫಾರಂ ಬಿಟ್ಟು ಹಿಂದಿನದನ್ನೇ ಎರಡು ಸಲ ಹೊಲಿದಿದ್ದಾರೆ.”

“ಹೊಲಿಗೆ ಮಾತ್ರ ಗಟ್ಟಿ. ತಪ್ಪನ್ನೂ ಗಟ್ಟಿಯಾಗೇ ಮಾಡಿದ್ದಾರೆ.”

ಮ್ಯಾನೇಜರು ನಕ್ಕರು. “ಇಪ್ಪತ್ತು ವರ್ಷದ ಹಿಂದಿನ ಮುದ್ರಣ ಇದು. ಒಂದು ಪ್ರತೀನೂ ಉಳಿದಿಲ್ಲ ಅಂತ ಫೋನಲ್ಲಿ ಮೂರು ಸಲ ಹೇಳಿದೆನಲ್ಲಮ್ಮ. ಆ ಕಪಾಟಲ್ಲಿ ಬೇರೆ ಯಾವ ಕಾದಂಬರಿ ಬೇಕೋ ತಗೊಂಡು ಹೋಗಿ.”

“ಬೇರೆ ಕಾದಂಬರೀಲಿ ಈ ಅಂಬಿಗ ಸಿಗ್ತಾನಾ? ತುಂಬಿದ ಹೊಳೆಗೆ ದೋಣಿ ಇಳಿಸ್ತಾನೆ, ಅಲ್ಲಿಗೆ ನಿಂತಿದೆ. ಅವನು ದಡ ಸೇರಿದನೋ ಇಲ್ಲವೋ, ಅಷ್ಟು ಹೇಳಿ ಸಾಕು.”

“ನಾನು ಇದನ್ನ ಓದಿಲ್ಲಮ್ಮ.”

“ಅಚ್ಚು ಹಾಕಿದವರೇ ಓದಿಲ್ಲವಾ!”

“ಮಿಠಾಯಿ ಅಂಗಡಿಯವನು ಮಿಠಾಯಿ ತಿಂತಾನಾ?”

ಹೊಲಿಗೆಯಮ್ಮ ನಗಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು ಪುಸ್ತಕದ ಅಂಚನ್ನೇ ಸವರುತ್ತಿತ್ತು. ಗಂಡ ತೀರಿಕೊಂಡು ತಿಂಗಳಾಗಿತ್ತು. ಅವನು ಹಾಸಿಗೆ ಹಿಡಿದಾಗ ಕಪಾಟಿನಲ್ಲಿ ಕೈಗೆ ಸಿಕ್ಕ ಈ ಪುಸ್ತಕವನ್ನು ದಿನವೂ ಮಧ್ಯಾಹ್ನ ಓದಿ ಹೇಳುತ್ತಿದ್ದಳು. ಅಂಬಿಗ ಹುಟ್ಟು ಹಾಕಿದ ಸಾಲು ಮುಗಿಸಿ ಹಾಳೆ ತಿರುವಿದರೆ ಹಳೆಯ ಪುಟವೇ ಎದುರು ಬಂದಿತ್ತು. “ಆಮೇಲೆ?” ಎಂದಿದ್ದ ಗಂಡ, ಕಣ್ಣು ಮುಚ್ಚಿಕೊಂಡೇ. ಪುಸ್ತಕ ಮುಗಿದುಹೋಯಿತು ಎನ್ನಲು ಅವಳಿಗೆ ನಾಲಗೆ ಏಳಲಿಲ್ಲ. ಓದುವ ದನಿಯಲ್ಲೇ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದಳು. ಹುಟ್ಟು ಮುರಿಯಿತು, ದೋಣಿ ಸುಳಿಯಲ್ಲಿ ಗರಗರ ತಿರುಗಿತು, ಬೆಳಕು ಹರಿಯುವಾಗ ಅಂಬಿಗ ದಡ ಹತ್ತಿದ. ಮೂರನೆಯ ದಿನ ಗಂಡ ಹೋಗಿಬಿಟ್ಟ.

“ಹೋಗೋ ಜೀವಕ್ಕೆ ಸುಳ್ಳು ಹೇಳಿ ಕಳಿಸಿದೆನಾ ಅಂತ ಕೊರಗು ಸ್ವಾಮಿ,” ಎಂದಳು. “ಪ್ರಾರ್ಥನೆಗೆ ಅಂತ ಕಣ್ಣು ಮುಚ್ಚಿದರೆ ದೇವರಿಗಿಂತ ಮೊದಲು ಆ ಅಂಬಿಗ ಬಂದು ನಿಲ್ತಾನೆ. ನಾನು ಹೇಳಿದ್ದೇ ಪುಸ್ತಕದಲ್ಲೂ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ, ತಪ್ಪಾಯ್ತು ಅಂತ ಬೇಡಿಕೊಳ್ಳೋಕಾದ್ರೂ ಏನು ತಪ್ಪಾಯ್ತು ಅಂತ ಗೊತ್ತಿರಬೇಕಲ್ಲ?”

ಮ್ಯಾನೇಜರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಆಮೇಲೆ ಎದ್ದು ಸ್ಟೂಲು ಹತ್ತಿ, ಅಟ್ಟಣಿಗೆಯಿಂದ ದೂಳು ಹಿಡಿದ ಫೈಲೊಂದನ್ನು ಇಳಿಸಿದರು. “ಆಗ ಸುಮಾರು ಜನ ದೂರು ಬರೆದಿದ್ರು. ಬರೆದವರಿಗೆಲ್ಲ ಕೊನೇ ಫಾರಂ ಅಂಚೇಲಿ ಕಳಿಸಿದ್ವಿ. ಒಂದಾದ್ರೂ ಮಿಕ್ಕಿದೆಯಾ ನೋಡೋಣ.”

ಕಾಗದಗಳ ನಡುವೆ ಮಡಿಸಿದ ಅಚ್ಚಿನ ಹಾಳೆಗಳ ಒಂದು ಕಂತೆ ಸಿಕ್ಕಿತು. ತುಕ್ಕು ಹಿಡಿದ ಗುಂಡುಪಿನ್ನಿನಿಂದ ಅದಕ್ಕೊಂದು ಪತ್ರ ಚುಚ್ಚಲಾಗಿತ್ತು.

“ನೋಡಿ ತಮಾಷೆ! ಯಾರೋ ವಾಪಸ್ ಕಳಿಸಿದ್ದಾರೆ,” ಎಂದು ಮ್ಯಾನೇಜರು ಓದತೊಡಗಿದರು. “‘ಮಾನ್ಯರೆ, ತಾವು ಕಳುಹಿಸಿದ ಹದಿನಾರು ಪುಟ ತಲುಪಿತು. ಓದಿದೆ. ಅಂಬಿಗ ಮುಳುಗಿದ್ದಾನೆ. ಅದು ಬರೆದವರ ಇಷ್ಟ. ಆದರೆ ನನ್ನ ಹೆಂಡತಿಯ ತಮ್ಮ ಹತ್ತು ವರ್ಷದವನಿದ್ದಾಗ ಹೊಳೆಯ ಪಾಲಾದವನು. ಈ ಪುಸ್ತಕವನ್ನು ಅವಳು ಎಂದಾದರೂ ಕೈಗೆತ್ತಿಕೊಳ್ಳಬಹುದು. ಆದ್ದರಿಂದ ಪುಟಗಳನ್ನು ಹಿಂದಿರುಗಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೊನೆಯಿಲ್ಲದ ಪುಸ್ತಕವೇ ಇರಲಿ.’ ಎಂಥಾ ವಿಚಿತ್ರ ಮನುಷ್ಯ...”

ತಲೆಯೆತ್ತಿದರೆ ಹೊಲಿಗೆಯಮ್ಮನ ಕೈ ಅವರ ಮುಂದೆ ಚಾಚಿತ್ತು. ಪತ್ರ ಕೊಟ್ಟರು. ಅವಳು ಕೆಳಗಿನ ರುಜುವಿನ ಮೇಲೆ ಬೆರಳಿಟ್ಟಳು. ಮ್ಯಾನೇಜರು ಮೇಜಿನ ಮೇಲಿದ್ದ ಪುಸ್ತಕದ ಮೊದಲ ಹಾಳೆ ತೆರೆದರು. ಅಲ್ಲಿಯೂ ಅದೇ ರುಜು.

“ಹಾಗಾದರೆ ಯಜಮಾನರಿಗೆ ಗೊತ್ತಿತ್ತು,” ಎಂದರು ಮೆಲ್ಲನೆ. “ನೀವು ಕಟ್ಟಿ ಹೇಳ್ತಿದ್ದೀರಿ ಅಂತ ಗೊತ್ತಿದ್ದೂ ಸುಮ್ಮನೆ ಕೇಳಿದ್ದಾರೆ. ತಗೊಳ್ಳಿ ಅಮ್ಮ, ಈ ಪುಟ ನಿಮ್ಮವೇ.”

ಹೊಲಿಗೆಯಮ್ಮ ಪುಟಗಳನ್ನು ಮುಟ್ಟಲಿಲ್ಲ. “ಅವರೇ ಬೇಡ ಅಂದಮೇಲೆ ನನಗ್ಯಾಕೆ?” ಎಂದಳು. “ಸುಮ್ಮನೆ ಎಲ್ಲಿ ಕೇಳಿದ್ರು ಸ್ವಾಮಿ! ಮಾರನೇ ದಿನ ಅದನ್ನೇ ಇನ್ನೊಂದು ಸಲ ಓದು ಅಂದ್ರು. ಮತ್ತೆ ಹೇಳಿದೆ. ದೋಣಿ ದಡ ಮುಟ್ಟಿತು ಅನ್ನೋ ಹೊತ್ತಿಗೆ, ‘ಒಂದು ಸಾಲು ಬಿಟ್ಟೆ ನೋಡು. ದೋಣೀಲಿ ಒಬ್ಬ ಹುಡುಗಾನೂ ಇದ್ದ, ಅವನನ್ನೂ ಇಳಿಸು’ ಅಂದ್ರು. ಜ್ವರದ ಬಡಬಡಿಕೆ ಅಂದ್ಕೊಂಡು, ಹೂಂ ಅಂತ ಇಳಿಸಿದೆ.”